ಅಂಚಿನ ಚುಕ್ಕೆ, ಇಪ್ಪತ್ತು ನಿಮಿಷ

ಮಾರ್ಚ್ 3, ಸೋಮವಾರ. ಬೆಳಗ್ಗೆ 6.10

ರಾತ್ರಿ ಎರಡು ಸಲ, ನಸುಕಿಗೆ ಒಂದು ಸಲ. ದಿಂಬಿನ ಕವರ್ ಹಿಂಡಿದರೆ ಅರ್ಧ ಲೋಟ ನೀರು ಬರುತ್ತಿತ್ತು. ಮೂರನೆಯದು ನಾಲ್ಕು ನಿಮಿಷ. ಮೊದಲಿನ ಎರಡಕ್ಕೆ ಗಡಿಯಾರ ನೋಡುವ ತಾಳ್ಮೆ ಇರಲಿಲ್ಲ.

ಬಂದಾಗೆಲ್ಲ ಗಂಟೆ ಬರೆಯಬೇಕಂತೆ, ಎಷ್ಟು ಹೊತ್ತು ಇತ್ತು, ಅದಕ್ಕೆ ಮೊದಲು ಏನು ತಿಂದೆ, ಏನು ಕುಡಿದೆ — ಎಲ್ಲ. ಎಂಟು ವಾರ. ಡಾಕ್ಟರಮ್ಮನ ಅಪ್ಪಣೆ. ಅದಕ್ಕೇ ಈ ಪುಸ್ತಕ. ಮುಟ್ಟು ನಿಲ್ಲುವ ವಯಸ್ಸಿನ ಈ ಬಿಸಿಗೆ ಅವರು ಹಾಟ್ ಫ್ಲಾಶ್ ಅನ್ನುತ್ತಾರೆ. ನಾನು ಕಾವು ಅಂತ ಬರೆಯುತ್ತೇನೆ. ಎರಡೇ ಅಕ್ಷರ, ಬೇಗ ಮುಗಿಯುತ್ತೆ.

ಹಾರ್ಮೋನ್ ಮಾತ್ರೆ ನನಗಿಲ್ಲ. ಆರು ವರ್ಷದ ಹಿಂದೆ ಎದೆಯಿಂದ ತೆಗೆದ ಗಂಟು ಹಾರ್ಮೋನ್ ಉಂಡು ಬೆಳೆಯುವ ಜಾತಿಯದು. ಬೇರೆ ಥರದ ಮಾತ್ರೆ ಇವೆ, ಬೇಕಾದರೆ ಆಮೇಲೆ ನೋಡೋಣ, ಮೊದಲು ದಿನದ ರೀತಿ ಬದಲಾಯಿಸಿ ಅಂದರು. ನಾದಿನಿ ಕಳಿಸಿದ ಬೇರಿನ ಪುಡಿಯ ಡಬ್ಬಿ ತೋರಿಸಿದೆ. ನಿಮ್ಮ ಹಳೇ ಕಾಯಿಲೆಗೆ ಇದು ಬೇಡ, ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಲ್ಲ ಅಂತ ಪಕ್ಕಕ್ಕಿಟ್ಟರು. ನಾದಿನಿಗೆ ಏನು ಹೇಳುವುದು... ರುಚಿ ಚೆನ್ನಾಗಿದೆ ಅಂತ ಹೇಳಿದ್ದಾಯಿತು.

ಮಧ್ಯಾಹ್ನ 3.20

ಕಚೇರಿ ಗೇಟಿಗೆ ಹೊಸದಾಗಿ ಬಂದ ಕಾವಲಿನವರು ಕೇಳಿದರು, ಒಳಗೆ ಏನು ಮಾಡ್ತೀರಮ್ಮ, ಒಂದು ಸದ್ದೂ ಇಲ್ಲ. ಹೇಳಿದೆ — ಅಂಗಡಿಯವನ ತೂಕದ ಬೊಟ್ಟು ಸರಿಯಿದೆಯಾ ಅಂತ ಇನ್ಸ್‌ಪೆಕ್ಟರ ಬೊಟ್ಟು ನೋಡುತ್ತೆ, ಅದು ಸರಿಯಿದೆಯಾ ಅಂತ ನಮ್ಮ ಬೊಟ್ಟು ನೋಡುತ್ತೆ. ತೂಕಗಳಿಗೆ ನಾವು ಅತ್ತೆ ಇದ್ದ ಹಾಗೆ, ತಪ್ಪು ಹುಡುಕುವುದೇ ಕೆಲಸ. ಹಾಗಾದ್ರೆ ನಿಮ್ಮದನ್ನ ನೋಡೋರು ಯಾರು ಅಂದರು. ಒಳ್ಳೆ ಪ್ರಶ್ನೆ.

ಅದಕ್ಕೇ ಅತಿಥಿ ಬರುವುದು. ಎಂಟು ವರ್ಷಕ್ಕೊಮ್ಮೆ, ದೇಶ ದೇಶ ಸುತ್ತಿ ಬರುವ ಒಂದು ಕಿಲೋ ಬೊಟ್ಟು. ಎಲ್ಲ ಕಡೆಯೂ ಅದನ್ನೇ ತೂಗುತ್ತಾರೆ. ಯಾರ ತಕ್ಕಡಿ ಎಷ್ಟು ಸತ್ಯ ಹೇಳುತ್ತೆ ಅಂತ ಪಟ್ಟಿ ಆಗುತ್ತೆ. ಮೇ ತಿಂಗಳಲ್ಲಿ ಇಲ್ಲಿಗೆ. ಕಳೆದ ಸಲ ತೂಗಿದ್ದು ಮುಖ್ಯಸ್ಥರು. ಅದಕ್ಕೆ ಹಿಂದಿನ ಎರಡು ಸಲ ಮಿಲಿಗ್ರಾಂ ಮೇಡಂ, ನನಗೆ ಕೆಲಸ ಕಲಿಸಿದವರು. ಈ ಸಲ ನಾನು. ಮುಂದಿನ ಸಲಕ್ಕೆ ನನ್ನ ನಿವೃತ್ತಿ ಆಗಿರುತ್ತೆ.

ಹತ್ತೂವರೆಗೆ ಒಂದು ಕಾವು, ಹನ್ನೆರಡಕ್ಕೆ ಒಂದು. ಎರಡೂ ತಕ್ಕಡಿಯ ಮುಂದೆ. ಏಳಲಿಲ್ಲ. ಎದ್ದರೆ ರಿಜಿಸ್ಟರಿನ ಅಂಚಿಗೆ ಚುಕ್ಕೆ ಹಾಕಬೇಕು, ಹೊರಗಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂರಬೇಕು, ಕೋಣೆ ಮತ್ತೆ ತನ್ನ ಇಪ್ಪತ್ತು ಡಿಗ್ರಿಗೆ ನಿಲ್ಲುವವರೆಗೆ. ನಿಯಮದ ಪುಸ್ತಕ, ಏಳನೇ ಕಲಮು. ಚುಕ್ಕೆ ಜಾಸ್ತಿ ಇದ್ದವರ ಪುಟ ನೋಡಿ ನಾವೆಲ್ಲ ನಕ್ಕವರೇ — ಕುರ್ಚಿಯಲ್ಲಿ ಮುಳ್ಳಿದೆಯಾ ಅಂತ. ನನ್ನ ಪುಟದಲ್ಲಿ ಚುಕ್ಕೆ ಅಪರೂಪ. ಹಲ್ಲು ಕಚ್ಚಿ ಕೂತೆ.

ಮಾರ್ಚ್ 7, ಶುಕ್ರವಾರ

ರೀಡಿಂಗ್ ಕುಣಿಯುತ್ತಿವೆ. ಎರಡು ಮೈಕ್ರೋಗ್ರಾಂ ಒಳಗೆ ಇರಬೇಕಾದ ವ್ಯತ್ಯಾಸ ಏಳು, ಒಂಬತ್ತು. ಒಂದು ರೆಪ್ಪೆಗೂದಲಿನ ಚೂರಿನ ಚೂರು, ಆದರೂ ಇಲ್ಲಿ ಅದು ದೊಡ್ಡ ಸುಳ್ಳು. ತಕ್ಕಡಿಗೆ ವಯಸ್ಸಾಯಿತು ಅಂದರು ಮುಖ್ಯಸ್ಥರು. ನಾನೂ ಹೂಂ ಅಂದೆ. ಸರ್ವಿಸ್ ಎಂಜಿನಿಯರಿಗೆ ಫೋನು.

ಮಾರ್ಚ್ 12, ಬುಧವಾರ. ಸಂಜೆ

ಎಂಜಿನಿಯರ್ ಮೂರು ದಿನ ತಕ್ಕಡಿ ಬಿಚ್ಚಿ, ಒರೆಸಿ, ಕಟ್ಟಿದರು. ನೆಲದ ಕಂಪನ ನೋಡಿದರು. ಬಾಗಿಲ ರಬ್ಬರು ಬದಲಾಯಿಸಿದರು. ಏನೂ ಇಲ್ಲ. ಇವತ್ತು ಪಿಸುಮಾತು ಒಂದು ಸರಣಿ ತೂಗಿದಳು — ನನ್ನ ಕೈಕೆಳಗೆ ಕಲಿತವಳು, ಮೂವತ್ತು ವರ್ಷ, ಅವಳ ಮಾತು ಕೇಳಬೇಕಾದರೆ ಉಸಿರು ಹಿಡಿಯಬೇಕು, ಅದಕ್ಕೇ ಆ ಹೆಸರು. ಅವಳ ರೀಡಿಂಗ್ ದಾರ ಹಿಡಿದ ಹಾಗೆ ನೇರ.

ಅವಳು ತೂಗಿದರೆ ಸರಿ. ನಾನು ತೂಗಿದರೆ ಕುಣಿತ. ಮುಖ್ಯಸ್ಥರು ಎರಡೂ ಹಾಳೆಯನ್ನು ಫೈಲಿಗೆ ಸೇರಿಸಿದರು.

ಕಾವು: ಹನ್ನೊಂದು. ಕಾಫಿ: ನಾಲ್ಕು.

ಮಾರ್ಚ್ 14, ಶುಕ್ರವಾರ. ಸಂಜೆ 5.40

ಬರೆಯಲೇಬೇಕು.

ಕೋಣೆಯ ತಾಪಮಾನದ ಪಟ್ಟಿ ತೆಗೆದುಕೊಂಡು ಕೂತಿದ್ದೆ. ಕುರ್ಚಿಯ ಹತ್ತಿರ ಒಂದು ಸೆನ್ಸರ್ ಇದೆ, ನಿಮಿಷಕ್ಕೊಂದು ಅಂಕಿ ಬರೆಯುತ್ತೆ. ಗೆರೆ ಎಲ್ಲ ಕಡೆ ನೆಟ್ಟಗೆ. ನಡುನಡುವೆ ಪುಟ್ಟ ಪುಟ್ಟ ಗುಡ್ಡ. ಡಿಗ್ರಿಯ ನೂರರಲ್ಲಿ ನಾಲ್ಕು ಭಾಗ, ಅಷ್ಟೇ. ಬಾಗಿಲು ತೆರೆದರಾ? ಇಲ್ಲ. ದೀಪ? ಇಲ್ಲ. ಬ್ಯಾಗಿನಿಂದ ಪೆನ್ನು ತೆಗೆಯಲು ಹೋದೆ, ಈ ಪುಸ್ತಕ ಕೈಗೆ ಬಂತು.

ಮಾರ್ಚ್ 3: 10.31 — ಗುಡ್ಡ. ಪುಸ್ತಕದಲ್ಲಿ ಹತ್ತೂವರೆ. 12.02 — ಗುಡ್ಡ. ಪುಸ್ತಕದಲ್ಲಿ ಹನ್ನೆರಡು. ಹತ್ತು ದಿನದ್ದು ಒಂದೊಂದೇ ಬೆರಳಿಟ್ಟು ನೋಡಿದೆ. ಒಂದೂ ತಪ್ಪಿಲ್ಲ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಪಾಪ, ಆ ಎಂಜಿನಿಯರ್.

ನಾಚಿಕೆ ಆಗಬೇಕಿತ್ತು. ಆಮೇಲೆ ಆಗುತ್ತೆ, ಗೊತ್ತು. ಆದರೆ ಮೊದಲು ಬಂದದ್ದು ಬೇರೆ. ಆ ಗುಡ್ಡಗಳನ್ನು ನೋಡುತ್ತಾ ಬಾಯಿ ತೆರೆದೇ ಕೂತಿದ್ದೆ. ನಾನು ಕೂತಲ್ಲೇ ಕೂತಿದ್ದೆ, ಕೈ ಅಲ್ಲಾಡಿಸಿಲ್ಲ, ಮುಖ ಬದಲಿಸಿಲ್ಲ. ಆದರೂ ಒಂದು ಇಡೀ ಕೋಣೆಗೆ ಗೊತ್ತಾಗಿದೆ. ನನ್ನ ಮೈಯೊಳಗೆ ಯಾರೂ ಹಚ್ಚದ ಒಲೆ ಹತ್ತುತ್ತೆ, ಅದರ ಬಿಸಿ ಗಾಳಿಯಲ್ಲಿ ಹೋಗಿ ಗಾಜಿನ ಪೆಟ್ಟಿಗೆ ದಾಟಿ ಒಂದು ಕಿಲೋ ಉಕ್ಕನ್ನು ಅಲ್ಲಾಡಿಸುತ್ತೆ. ನಾನು ಇಷ್ಟು ದೊಡ್ಡವಳು ಅಂತ ಗೊತ್ತಿರಲಿಲ್ಲ.

ಮಾರ್ಚ್ 17, ಸೋಮವಾರ

ಮುಖ್ಯಸ್ಥರಿಗೆ ಹೇಳಿದೆ. ಪಟ್ಟಿಯನ್ನೂ ನಾನು ಬರೆದ ಗಂಟೆಗಳನ್ನೂ ಅಕ್ಕಪಕ್ಕ ಇಟ್ಟೆ. ಅವರು ಮೊದಲು ಪಟ್ಟಿ ನೋಡಿದರು, ಆಮೇಲೆ ಛಾವಣಿ ನೋಡಿದರು.

"ಅಂದ್ರೆ... ಮೆಷಿನ್ ಸರಿ ಇದೆ."

"ಮೆಷಿನ್ ಸರಿ ಇದೆ ಸರ್. ಬಿಸಿ ಆಗ್ತಿರೋದು ನಾನು."

ಒಳ್ಳೆಯವರು. ಅದಕ್ಕೇ ಇನ್ನೂ ಕಷ್ಟ. ನಿಮ್ಮ ಆರೋಗ್ಯ ಮುಖ್ಯ, ಅತಿಥಿಯನ್ನು ಪಿಸುಮಾತು ತೂಗಲಿ, ನೀವು ಪಕ್ಕದಲ್ಲಿದ್ದು ನೋಡಿಕೊಳ್ಳಿ ಅಂದರು. ಕುರ್ಚಿ ಬಿಟ್ಟು ಪಕ್ಕದಲ್ಲಿ ನಿಲ್ಲು ಅಂತ. ಐದು ವಾರ ಕೊಡಿ ಅಂದೆ. ಏಪ್ರಿಲ್ 22ಕ್ಕೆ ಪರೀಕ್ಷೆಯ ಸರಣಿ. ಎರಡು ಮೈಕ್ರೋಗ್ರಾಂ ಒಳಗೆ ಬಂದರೆ ನಾನು, ಮೀರಿದರೆ ಅವಳು. ಒಪ್ಪಿದರು.

ಮನೆಗೆ ಬಂದು ಅತ್ತುಬಿಟ್ಟೆ. ಇವರು ಪಕ್ಕ ಕೂತು ಕೇಳಿಸಿಕೊಂಡರು. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವರು, ಎಲ್ಲಕ್ಕೂ ಬಸ್ಸೇ. "ಎಂಜಿನ್ ಕಾದ್ರೆ ಗಾಡಿ ಪಕ್ಕಕ್ಕೆ ಹಾಕ್ತೀವಿ ಕಣೇ. ಎಂಜಿನ್ನಿಗೆ ಬೈಯಲ್ಲ. ಓಡಿಸ್ತಾನೂ ಇರಲ್ಲ." ಬಸ್ಸಿನ ಮಾತು ಅಂತ ರೇಗಿದೆ. ಮಲಗುವಾಗ ಅನ್ನಿಸಿತು, ನಾನು ಮಾಡಿದ್ದು ಅದೇ ಅಲ್ಲವಾ. ಓಡಿಸುತ್ತಲೇ ಇದ್ದೆ.

ಮಾರ್ಚ್ 21, ಶುಕ್ರವಾರ. ಬೆಳಗ್ಗೆ

ಕೋಣೆಯೊಳಗೆ ನನಗೆ ಯಾವ ಉಪಾಯವೂ ಇಲ್ಲ. ಫ್ಯಾನ್ ಕೂಡದು. ಐಸ್ ಚೀಲ ಕೂಡದು, ಅದೂ ಕೋಣೆಯ ಶಾಖ ಕದಿಯುತ್ತೆ. ಹತ್ತಿ ಕೋಟು ಕೂಡದು, ನಾರು ಉದುರುತ್ತೆ. ಗಾಳಿಯಾಡದ ಆ ನುಣುಪು ಬಿಳಿ ಕೋಟೇ ಗತಿ. ಉಳಿದದ್ದು ಉಸಿರು ಒಂದೇ, ಅದೂ ಮಾಸ್ಕಿನ ಹಿಂದೆ.

ಡಾಕ್ಟರಮ್ಮ ಇದನ್ನು ಕೇಳಿ ನಕ್ಕರು. ಹೊರಗೆ ಮಾಡುವುದು ಬಹಳ ಇದೆ ಅಂದರು. ಕಾಫಿ ನಾಲ್ಕರಿಂದ ಒಂದು. ರಾತ್ರಿ ಊಟಕ್ಕೆ ಖಾರ ಕಡಿಮೆ, ಬೇಗ ಊಟ. ದಪ್ಪ ಹೊದಿಕೆ ಹೋಗಿ ತೆಳ್ಳಗಿನವು ಎರಡು, ಒದೆಯಲು ಸುಲಭ. ಬೆಳಗ್ಗೆ ನಲವತ್ತು ನಿಮಿಷ ನಡಿಗೆ. ಐದು ಎಣಿಸಿ ಉಸಿರು ಒಳಗೆ, ಐದು ಎಣಿಸಿ ಹೊರಗೆ, ದಿನಕ್ಕೆ ಎರಡು ಸಲ ಹದಿನೈದು ನಿಮಿಷ. ಮೂಳೆಗೆ ಒಳ್ಳೆಯದು, ತೂಕ ಎತ್ತಿ ಅಂದರು. ನನಗೆ! ಇಪ್ಪತ್ತಾರು ವರ್ಷದಲ್ಲಿ ಇಕ್ಕಳದಲ್ಲಿ ಹಿಡಿದು ಒಂದು ಕಿಲೋ ಮೀರಿ ಎತ್ತಿಲ್ಲ ಅಂದೆ.

ಇವರು ಗುಜರಿಯಿಂದ ಐದೈದು ಕಿಲೋದ ಎರಡು ಬೊಟ್ಟು ತಂದರು. ತೂಗಿ ನೋಡಿದೆ. ಒಂದರಲ್ಲಿ ಹದಿನಾಲ್ಕು ಗ್ರಾಂ ಮೋಸ.

ಮಾರ್ಚ್ 28, ಶುಕ್ರವಾರ

ಕಾವು: ಒಂಬತ್ತು. ಕಾಫಿ ಬಿಟ್ಟ ತಲೆನೋವು ಹೋಯಿತು. ಸಿಟ್ಟು ಹೋಗಿಲ್ಲ. ಚಮಚ ಬಿದ್ದ ಸದ್ದಿಗೆ ಇವರ ಮೇಲೆ ಕೂಗಿದೆ, ಚಮಚ ಬೀಳಿಸಿದ್ದು ನಾನೇ.

ಏಪ್ರಿಲ್ 4, ಶುಕ್ರವಾರ. ಮಧ್ಯಾಹ್ನ 1.15

ಒಂದು ಹೊಸದು ಕಂಡುಕೊಂಡೆ. ಕಾವು ಬರುವ ಮೊದಲು ಒಂದು ಕ್ಷಣ ಇದೆ. ಬಿಸಿ ಅಲ್ಲ. ಯಾರೋ ಹಿಂದೆ ಬಂದು ನಿಂತ ಹಾಗೆ, ಏನೋ ಮರೆತ ಹಾಗೆ ಒಂದು ಕಸಿವಿಸಿ. ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಗಡಿಯಾರ ಹಿಡಿದೆ. ಕಸಿವಿಸಿಯಿಂದ ಬಿಸಿಗೆ ಸುಮಾರು ನಲವತ್ತು ಸೆಕೆಂಡು. ಏಳು ಸಲದಲ್ಲಿ ಆರು ಸಲ ಹಾಗೇ.

ಇದು ಹೊಡೆಯುವ ಮೊದಲು ಬಾಗಿಲು ತಟ್ಟುತ್ತೆ. ಎಂಥ ಮರ್ಯಾದಸ್ಥ ಶತ್ರು. ಶತ್ರುವೂ ಅಲ್ಲವೇನೋ... ನನ್ನ ಮೈಯೇ ನನ್ನ ಹೆಗಲು ಮುಟ್ಟಿ ಹೇಳುತ್ತಿದೆ, ಬರ್ತಾ ಇದೆ, ನೋಡಿಕೋ. ಐವತ್ತಮೂರು ವರ್ಷ ಇದರೊಳಗೇ ಇದ್ದೇನೆ, ಇದರ ಭಾಷೆಯ ಮೊದಲ ಪದ ಇವತ್ತು ತಿಳಿಯಿತು.

ನಲವತ್ತು ಸೆಕೆಂಡು ಸಾಕು. ಬೊಟ್ಟು ಪೀಠಕ್ಕಿಟ್ಟು ಹೊರಗೆ ಬರಬಹುದು.

ಏಪ್ರಿಲ್ 8, ಮಂಗಳವಾರ

ಕಾವಿಗೆ ಅಂತ ಎದ್ದು ಬಂದೆ. ಮೊದಲ ಸಲ. ಅಂಚಿಗೆ ಚುಕ್ಕೆ ಹಾಕುವಾಗ ಕಳ್ಳಿಯ ಹಾಗೆ ಅತ್ತಿತ್ತ ನೋಡಿದೆ. ಬೆಂಚಿನ ಮೇಲೆ ಕೂತೆ. ಐದು ಒಳಗೆ, ಐದು ಹೊರಗೆ. ಬಂತು, ಇತ್ತು, ಹೋಯಿತು. ಸಂಜೆ ಪಟ್ಟಿ ನೋಡಿದೆ. ಗುಡ್ಡ ಇಲ್ಲ. ಎದ್ದಾಗಿನ ಗಾಳಿಗೆ ಒಂದು ಸಣ್ಣ ಸುಕ್ಕು, ಅದು ಹದಿನೇಳು ನಿಮಿಷಕ್ಕೆ ಮಾಯ. ಇಪ್ಪತ್ತು ಅಂತ ಯಾಕಿಟ್ಟರೋ.

ಚುಕ್ಕೆ ಇವತ್ತು ನಾಲ್ಕು. ಪಿಸುಮಾತು ಪುಟ ನೋಡಿದಳು, ನನ್ನನ್ನು ನೋಡಿದಳು.

ಏಪ್ರಿಲ್ 15, ಮಂಗಳವಾರ. ಸಂಜೆ 6

ಅತಿಥಿ ಹಿಂದೆ ಬಂದಾಗ ಸರಣಿ ಹೇಗೆ ಜೋಡಿಸಿದ್ದರು ಅಂತ ನೋಡಲು ಹಳೇ ರಿಜಿಸ್ಟರ್ ಇಳಿಸಿದೆ. ಇಪ್ಪತ್ತನಾಲ್ಕು ವರ್ಷದ ಹಿಂದಿನದು, ಮಿಲಿಗ್ರಾಂ ಮೇಡಂ ಕೈ. ಅಂಕಿಗಳು ಮುತ್ತು. ಅಂಚಿನಲ್ಲಿ ಚುಕ್ಕೆ.

ಬಹಳ ಚುಕ್ಕೆ. ಮೇಡಂ ಪುಟದಲ್ಲಾ? ಒಂದು ದಿನಕ್ಕೆ ಆರು. ಇನ್ನೊಂದು ದಿನಕ್ಕೆ ಎಂಟು. ಅದಕ್ಕೆ ಹಿಂದಿನ ವರ್ಷದ್ದು ತೆಗೆದೆ, ಅದಕ್ಕೂ ಹಿಂದಿನದು. ಹಿಂದೆ ಹೋದರೆ ಒಂದು ಕಡೆ ಚುಕ್ಕೆಯೇ ಇಲ್ಲ. ಇಡೀ ಕಚೇರಿಯಲ್ಲಿ ಯಾರದರಲ್ಲೂ ಇಲ್ಲ. ನಾನು ಕೆಲಸಕ್ಕೆ ಸೇರಿದ ಮಾರನೇ ವರ್ಷ, ಜೂನ್ ತಿಂಗಳ ಒಂದು ಗುರುವಾರ, ಮೊದಲ ಚುಕ್ಕೆ. ಆಮೇಲೆ ದಿನಕ್ಕೊಂದು, ಮೂರು, ಎಂಟು. ಎರಡು ವರ್ಷ ಹಾಗೇ. ಆಮೇಲೆ ಇಳಿಯುತ್ತೆ — ನಾಲ್ಕು, ಎರಡು, ವಾರಕ್ಕೊಂದು. ನಾಲ್ಕನೇ ವರ್ಷದ ಕೊನೆಗೆ ಪೂರಾ ನಿಲ್ಲುತ್ತೆ. ಆ ಹೊತ್ತಿಗೆ ನಮ್ಮೆಲ್ಲರ ಪುಟದಲ್ಲೂ ಚುಕ್ಕೆ ಶುರುವಾಗಿದೆ.

ಆ ಜೂನಿನಲ್ಲಿ ಮೇಡಂಗೆ ಐವತ್ತು.

ನೆಲದ ಮೇಲೆ ಕೂತುಬಿಟ್ಟೆ. ಎದ್ದು ಹೋದರೆ ಚುಕ್ಕೆ ಹಾಕಿ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ. ಅವರು ಹಾಕುತ್ತಿದ್ದರು, ನಾವು ಹಾಕಿದೆವು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ. ನಾನು ಪಿಸುಮಾತಿಗೆ ಕಲಿಸಿದೆ. ಆಮೇಲೆ ಏಳನೇ ಕಲಮಿನಲ್ಲೂ ಸೇರಿಸಿದೆವು. ಒಬ್ಬ ಹೆಂಗಸಿನ ಮೈಕಾವಿನ ಲೆಕ್ಕವನ್ನು ಇಪ್ಪತ್ತೈದು ವರ್ಷದಿಂದ ಇಡೀ ಕಚೇರಿ ಶ್ರದ್ಧೆಯಿಂದ ಬರೆಯುತ್ತಿದೆ. ನಗು ಬಂತು, ನಗುತ್ತಾ ಕಣ್ಣು ತುಂಬಿತು. ರಿಜಿಸ್ಟರಿನ ಮೇಲೆ ಬೀಳದ ಹಾಗೆ ಮುಖ ತಿರುಗಿಸಿಕೊಂಡೆ.

ನನ್ನ ಪಕ್ಕದಲ್ಲೇ ಕೂತಿದ್ದರು. ನನಗೆ ಇಕ್ಕಳ ಹಿಡಿಯುವುದು ಕಲಿಸುತ್ತಿದ್ದರು. ನನಗೆ ಏನೂ ಗೊತ್ತಾಗಲಿಲ್ಲ.

ಏಪ್ರಿಲ್ 20, ಭಾನುವಾರ. ಸಂಜೆ 7

ಮೇಡಂ ಮನೆಗೆ ಹೋಗಿದ್ದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎಪ್ಪತ್ತೈದು ಅವರಿಗೆ, ದಿನಕ್ಕೆರಡು ಸಲ ಇಳಿದು ಹತ್ತುತ್ತಾರಂತೆ. ನಾನು ಏದುಸಿರು ಬಿಡುವುದನ್ನು ನೋಡುತ್ತಾ ಬಾಗಿಲಲ್ಲಿ ನಿಂತಿದ್ದರು. ಮಾತು ಅಳೆದು ಆಡುತ್ತಾರೆ ಅಂತ ನಾವಿಟ್ಟ ಹೆಸರು ಮಿಲಿಗ್ರಾಂ. ಈಗಲೂ ಅಳತೆ ತಪ್ಪಿಲ್ಲ.

ಫೋನಿನಲ್ಲಿ ಪುಟದ ಫೋಟೊ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಎಣಿಸಿದ್ಯಾ?"

"ಎರಡು ಸಂಜೆ ಕೂತು ಎಣಿಸಿದೆ ಮೇಡಂ. ನಾಲ್ಕು ವರ್ಷಕ್ಕೆ ಎರಡು ಸಾವಿರದ ನೂರ ಹದಿನೆಂಟು."

"ಮನೇಲಿ ಬಂದಿದ್ದು ಅದ್ರಲ್ಲಿ ಸೇರಿಲ್ಲ," ಅಂದರು.

ಆಮೇಲೆ ಹೇಳಿದರು, ಇಷ್ಟಿಷ್ಟೇ. ಆಗ ಈ ವಿಷಯಕ್ಕೆ ಕಚೇರಿಯಲ್ಲಿ ಒಂದು ಪದವೂ ಇರಲಿಲ್ಲ. ಗೊತ್ತಾದರೆ ಕುರ್ಚಿ ಹೋಗುತ್ತಿತ್ತು. ಮಾತ್ರೆ ಅವರ ಮೈಗೆ ಆಗಲಿಲ್ಲ. ಹಾಗಾಗಿ ಸಂಜೆ ಎಲ್ಲರೂ ಹೋದ ಮೇಲೆ ಒಬ್ಬರೇ ಕೂತು, ತಮ್ಮ ಕಾವಿನ ನಂತರ ಕೋಣೆ ಎಷ್ಟು ಹೊತ್ತಿಗೆ ತಣಿಯುತ್ತೆ ಅಂತ ತಿಂಗಳುಗಟ್ಟಲೆ ಅಳೆದರು. ಅದನ್ನೇ ಎಲ್ಲರಿಗೂ ನಿಯಮ ಅಂತ ಬರೆದು ಸಹಿ ಹಾಕಿಸಿದರು. ಏಳನೇ ಕಲಮು. ಎಲ್ಲರೂ ಎದ್ದರೆ ಅವರು ಎದ್ದದ್ದು ಕಾಣುವುದಿಲ್ಲ. ಬೆಂಚಿಗೆ ಬೇರೆ ಅರ್ಜಿ ಕೊಟ್ಟರಂತೆ, ಸಂದರ್ಶಕರಿಗಾಗಿ ಅಂತ. ಆ ಮೊಗಸಾಲೆಗೆ ಇವತ್ತಿನವರೆಗೆ ಒಬ್ಬ ಸಂದರ್ಶಕನೂ ಬಂದಿಲ್ಲ.

ನಾವು ಚುಕ್ಕೆ ಹಾಕುವುದನ್ನು ನೋಡಿ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ. ಅವರು ನಗಲು ಶುರು ಮಾಡಿದರು, ಸೆರಗು ಅಡ್ಡ ಹಿಡಿಯದ ನಗು, ಕಣ್ಣಲ್ಲಿ ನೀರು.

"ಮೊದಲು ಜೀವ ಹಾರಿಹೋಯ್ತು, ಇವರಿಗೆಲ್ಲ ಗೊತ್ತಾಗೋಯ್ತಾ ಅಂತ. ಆಮೇಲೆ ನೋಡಿದ್ರೆ ಮೀಸೆ ಇರೋರೂ ಹಾಕ್ತಿದ್ರು."

ಕೋಣೆ ಹದಿನೇಳು ನಿಮಿಷಕ್ಕೇ ನಿಲ್ಲುತ್ತಲ್ಲ ಮೇಡಂ, ಇಪ್ಪತ್ತು ಯಾಕೆ ಬರೆದಿರಿ ಅಂದೆ. ನಗು ನಿಲ್ಲಿಸಿದರು.

"ಹದಿನೇಳು ಕೋಣೆಗೆ. ಮೂರು ನಮಗೆ."

ವಾಪಸು ಬರುವಾಗ ಬಸ್ಸಿನಲ್ಲಿ ಕಾವು ಬಂತು. ಕಿಟಕಿಗೆ ಹಣೆ ಒತ್ತಿ ಕೂತೆ. ನಾಚಿಕೆ ಅನ್ನಿಸಲಿಲ್ಲ. ಇಂಥವರ ಹತ್ತಿರ ಕಲಿತೆ ಅಂತ ಮೈ ಜುಮ್ಮೆಂದಿತು, ಬಿಸಿ ಯಾವುದು ಜುಮ್ಮು ಯಾವುದು ತಿಳಿಯಲಿಲ್ಲ.

ಏಪ್ರಿಲ್ 22, ಮಂಗಳವಾರ. ರಾತ್ರಿ 8

ಪರೀಕ್ಷೆ ಆಯಿತು. ಮೂರು ಚುಕ್ಕೆ. ಒಂದು ಸಲ ಕಸಿವಿಸಿ ತಿಳಿಯಲೇ ಇಲ್ಲ, ಕಾವು ನೇರ ಬಂತು. ಆ ರೀಡಿಂಗನ್ನು ಕೈಯಾರೆ ಹೊಡೆದುಹಾಕಿ ಎದ್ದೆ. ಮೊದಲಾಗಿದ್ದರೆ ಹೊಡೆದುಹಾಕುತ್ತಿರಲಿಲ್ಲ, ದೇವರೇ ನೇರ ಮಾಡು ಅಂತ ಕೂತಿರುತ್ತಿದ್ದೆ.

ಷರಾ ಕಾಲಂನಲ್ಲಿ ಸಾಮಾನ್ಯವಾಗಿ ಏನೂ ಬರೆಯುವುದಿಲ್ಲ. ಇವತ್ತು ಬರೆದೆ — ವಿರಾಮದ ಕಾರಣ: ತೂಗುವವಳ ಮೈಕಾವು.

ಮುಖ್ಯಸ್ಥರು ಓದಿದರು. ಛಾವಣಿ ನೋಡಲಿಲ್ಲ ಈ ಸಲ. ಅಂಕಿ ಕೂಡಿಸಿದರು, ಮತ್ತೆ ಕೂಡಿಸಿದರು. ಒಂದು ಪಾಯಿಂಟ್ ನಾಲ್ಕು. ಪಿಸುಮಾತಿನದಕ್ಕಿಂತ ಚೆನ್ನಾಗಿದೆ. ಸಹಿ ಹಾಕಿದರು. ಆಗ ಚುಕ್ಕೆಯ ಕಥೆ ಹೇಳಿದೆ, ಮೇಡಂ ಒಪ್ಪಿಗೆ ಮೊದಲೇ ಕೇಳಿಕೊಂಡು ಬಂದಿದ್ದೆ. ಅವರು ತಮ್ಮದೇ ಎಂಟು ವರ್ಷದ ಹಿಂದಿನ ಪುಟ ತೆಗೆದು ತಮ್ಮ ಚುಕ್ಕೆಗಳ ಮೇಲೆ ಬೆರಳಾಡಿಸಿದರು. ಅವರಿಗೆ ಮೀಸೆ ಇದೆ.

ಹೊರಡುವಾಗ ಪಿಸುಮಾತು ಹತ್ತಿರ ಬಂದು ಏನೋ ಅಂದಳು. ಉಸಿರು ಹಿಡಿದು ಕೇಳಿದೆ. ನನ್ನಮ್ಮ ಒಂದು ವರ್ಷದಿಂದ ಮಾತಾಡಿಸಿದರೆ ರೇಗ್ತಾರೆ, ಅದಕ್ಕೂ ಇದೇ ಕಾರಣನಾ ಅಂತ. ಕರ್ಕೊಂಡು ಬಾ ಅಂದೆ.

ಮೇ 5, ಸೋಮವಾರ

ಅತಿಥಿ ಬಂತು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಅದು. ಮುಟ್ಟದೆ ನೋಡಿದೆ. ನನ್ನ ಮುಖ ಅದರಲ್ಲಿ ಸಣ್ಣದಾಗಿ ಕಂಡಿತು, ಕೆಂಪಗೆ.

ಕಾವು: ಐದು. ಪೂರ್ತಿ ಹೋಗಿಲ್ಲ. ಇನ್ನೆಷ್ಟು ವರ್ಷವೋ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ನಿದ್ದೆ ಮಾತ್ರ ಒಂದೇ ಉಸಿರಿಗೆ ಐದು ಗಂಟೆ, ಎಷ್ಟೋ ತಿಂಗಳ ಮೇಲೆ.

ಮೇ 8, ಗುರುವಾರ. ಬೆಳಗ್ಗೆ 11.40. ಬೆಂಚು

ಆರು ಸರಣಿಯಲ್ಲಿ ಐದು ಮುಗಿದವು. ಕೊನೆಯದರ ನಡುವೆ ಕಸಿವಿಸಿ. ಅತಿಥಿಯನ್ನು ಪೀಠಕ್ಕಿಟ್ಟೆ, ಚುಕ್ಕೆ ಹಾಕಿದೆ, ಹೊರಗೆ ಬಂದೆ. ಬಾಗಿಲು ಮುಚ್ಚಿದ ಮೇಲೆ ಬಂತು. ಕುತ್ತಿಗೆ, ಕಿವಿ, ನೆತ್ತಿ. ಐದು ಒಳಗೆ, ಐದು ಹೊರಗೆ. ಬೆಂಚಿನ ಮರ ಒಂದು ಕಡೆ ಸವೆದು ನುಣುಪಾಗಿದೆ. ಅಲ್ಲೇ ಕೂತಿದ್ದೇನೆ. ಎರಡು ಸಾವಿರದ ನೂರ ಹದಿನೆಂಟು ಸಲ ಒಬ್ಬರು ಕೂತ ಜಾಗ.

11.52

ಮೈ ತಣ್ಣಗಾಯಿತು. ಪಿಸುಮಾತು ನೀರು ತಂದಿಟ್ಟು ಹೋದಳು. ನಿಯಮದ ಪುಸ್ತಕ ತಿದ್ದುತ್ತಿದ್ದಾರಂತೆ, ಏಳನೇ ಕಲಮಿನ ಕೆಳಗೆ ಅದನ್ನು ಬರೆದವರ ಹೆಸರು ಹಾಕುತ್ತಾರಂತೆ.

11.57

ಮುಖ್ಯಸ್ಥರು ಬಾಗಿಲ ಪಕ್ಕದ ಪರದೆ ನೋಡಿದರು. ಇಪ್ಪತ್ತು ಡಿಗ್ರಿ, ನೆಟ್ಟಗೆ. "ಕೋಣೆ ರೆಡಿ ಇದೆ. ಹೋಗ್ತೀರಾ?" ಅಂದರು.

"ಇನ್ನೂ ಮೂರು ನಿಮಿಷ ಇದೆ ಸರ್."

ಅವರು ಗಡಿಯಾರ ನೋಡಲಿಲ್ಲ. ಬಂದು ಬೆಂಚಿನ ಇನ್ನೊಂದು ತುದಿಗೆ ಕೂತರು, ಕೈ ಮಡಿಲಲ್ಲಿಟ್ಟು. ಒಳಗೆ ಗಾಜಿನಾಚೆ ಅತಿಥಿ ಕಾಯುತ್ತಿದೆ. ಕಾಯಲಿ. ಕೋಣೆಯದು ಮುಗಿಯಿತು, ಇದು ನಮ್ಮದು. ಇದನ್ನೂ ಬರೆದೇ ಕಳೆಯಬೇಕಾ... ಪೆನ್ನು ಕೆಳಗಿಟ್ಟು ಸುಮ್ಮನೆ